ಮಿದುಳಿನಿಂದ ಮೂಡಿದ ಚಿತ್ರ: ಕಂಡದ್ದೋ, ಊಹಿಸಿದ್ದೋ?

ಒಬ್ಬರು ಚಿತ್ರ ನೋಡುತ್ತಿರುವಾಗ ಅವರ ಮಿದುಳಿನ ಸಂಕೇತ ಅಳೆದು, ಅವರು ನೋಡಿದ್ದನ್ನು ಕಂಪ್ಯೂಟರ್ ಮತ್ತೆ ಬಿಡಿಸಿ ತೋರಿಸುತ್ತದೆ ಎನ್ನುತ್ತಾರೆ. ಹಾಗೆ ಮೂಡಿದ್ದು ನಿಜಕ್ಕೂ ಆ ವ್ಯಕ್ತಿ ಕಂಡದ್ದೋ, ಕಂಪ್ಯೂಟರ್ ಊಹಿಸಿದ್ದೋ?

ಪರ: ಕಂಡದ್ದೇ

ಮಿದುಳಿನ ಹಿಂಭಾಗದಲ್ಲಿ ನೋಟವನ್ನು ಸಂಸ್ಕರಿಸುವ ಹೊರಪದರವಾದ ದೃಷ್ಟಿ ಕಾರ್ಟೆಕ್ಸ್‌ನಲ್ಲಿ ನೋಟದ ನಕ್ಷೆಯೇ ಇದೆ. ಎಡಗಡೆ ಕಂಡದ್ದು ಬಲ ಅರ್ಧಗೋಳಕ್ಕೆ ಹೋಗುತ್ತದೆ. ಕಣ್ಣಲ್ಲಿ ಅಕ್ಕಪಕ್ಕ ಬಿದ್ದದ್ದು ಅಲ್ಲೂ ಅಕ್ಕಪಕ್ಕವೇ. 2008ರಲ್ಲಿ ಮಿದುಳು ವಿಜ್ಞಾನಿ ಜಾಕ್ ಗ್ಯಾಲಂಟ್ ತಂಡದ ಕಂಪ್ಯೂಟರ್ ಮಾದರಿ, ತರಬೇತಿಯಲ್ಲಿ ತೋರಿಸದ 120 ಚಿತ್ರಗಳಲ್ಲಿ ಈಗ ನೋಡುತ್ತಿರುವುದು ಯಾವುದೆಂದು ಎಫ್‌ಎಂಆರ್‌ಐ (ಮಿದುಳಿನಲ್ಲಿ ರಕ್ತದ ಪ್ರತಿಕ್ರಿಯೆ ಅಳೆಯುವ ಸ್ಕ್ಯಾನ್) ಸಂಕೇತದಿಂದಲೇ ಗುರುತಿಸಿತು: ಒಬ್ಬರಲ್ಲಿ ಶೇ. 92, ಇನ್ನೊಬ್ಬರಲ್ಲಿ ಶೇ. 72 ಸರಿ. ಕುರುಡು ಊಹೆ ಶೇ. 1ನ್ನೂ ಮುಟ್ಟದು. ಆಗ ಇಂದಿನಂಥ ಚಿತ್ರ ಬಿಡಿಸುವ ಎಐ ಇರಲೇ ಇಲ್ಲ, ಆದ್ದರಿಂದ ಅದರ ಕೈಚಳಕ ಎನ್ನುವಂತಿಲ್ಲ.

ಇಂದಿನ ದಾರಿಯೂ ಸರಳವೇ. 7 ಟೆಸ್ಲಾ ಕಾಂತಬಲದ ಸ್ಕ್ಯಾನರ್‌ನಲ್ಲಿ ಒಬ್ಬರಿಗೆ ಸಾವಿರಾರು ಚಿತ್ರ, ತಲಾ 3 ಸೆಕೆಂಡು, ಮೂರು ಸಲ. ರಕ್ತದ ಪ್ರತಿಕ್ರಿಯೆ 5–6 ಸೆಕೆಂಡು ತಡವಾಗಿ ಏರುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿದು ವಾಕ್ಸೆಲ್‌ಗಳ (ಸ್ಕ್ಯಾನ್‌ನ ಪುಟ್ಟ ಘನ ತುಣುಕುಗಳ) ಬೆಲೆ ತೆಗೆಯುತ್ತಾರೆ. ಆಮೇಲೆ ಆ ಬೆಲೆಗಳಿಂದ ಚಿತ್ರದ ಲಕ್ಷಣಗಳನ್ನು ಅಂದಾಜಿಸುವ ರಿಡ್ಜ್ ರಿಗ್ರೆಶನ್ ಎಂಬ ಲೆಕ್ಕ, ಕೊನೆಗೆ ಆ ಲಕ್ಷಣಗಳಿಂದ ಚಿತ್ರ ಬಿಡಿಸುವ ಎಐ ಆದ ಡಿಫ್ಯೂಷನ್ ಮಾಡೆಲ್. 2024ರ ಮೈಂಡ್‌ಐ2 ಎಂಬ ಇಂಥದೇ ಮಾದರಿ, ಇತರರ ಡೇಟಾದಲ್ಲಿ ಮೊದಲೇ ಕಲಿತಿದ್ದರಿಂದ, ಹೊಸಬರ ಒಂದೇ ಗಂಟೆಯ ಸ್ಕ್ಯಾನ್‌ನಲ್ಲಿ ಕೆಲಸ ಮಾಡಿತು. ಎಲ್ಲರ ಮಿದುಳಿಗೂ ಸಮಾನವಾದದ್ದೇನೋ ಸಿಕ್ಕದೆ ಇದು ಆಗುತ್ತಿರಲಿಲ್ಲ.

ವಿರೋಧ: ಬಹುಪಾಲು ಊಹೆ

2017ರ ಒಂದು ಇಇಜಿ (ನೆತ್ತಿಯ ಮೇಲೆ ಮಿದುಳಿನ ವಿದ್ಯುತ್ ಸಂಕೇತ ಅಳೆಯುವ) ಪ್ರಯೋಗವನ್ನೇ ಬಿಡಿಸಿ ನೋಡಿ. 40 ಬಗೆಯ ವಸ್ತುಗಳು, ಪ್ರತಿ ಬಗೆಗೆ 50 ಚಿತ್ರ, ಅರ್ಧ ಸೆಕೆಂಡಿಗೊಂದು. ನಾಯಿಯ ಸರದಿ ಬಂದರೆ 25 ಸೆಕೆಂಡು ಬರೀ ನಾಯಿ. ನಿಖರತೆ ಶೇ. 80 ದಾಟಿತು. ಆದರೆ ತರಬೇತಿಯ ಚಿತ್ರ, ಪರೀಕ್ಷೆಯ ಚಿತ್ರ ಎರಡೂ ಅದೇ 25 ಸೆಕೆಂಡಿನವು. ಎಲೆಕ್ಟ್ರೋಡ್‌ಗೆ ಹಚ್ಚಿದ ಜೆಲ್ ಒಣಗುತ್ತದೆ, ನೆತ್ತಿ ಬೆವರುತ್ತದೆ, ತೂಕಡಿಕೆ ಬರುತ್ತದೆ; ಸಂಕೇತದ ಬುಡವೇ ಮೆಲ್ಲಗೆ ಸರಿಯುತ್ತದೆ. ನೆಟ್‌ವರ್ಕ್ ಕಲಿತದ್ದು ನಾಯಿಯನ್ನಲ್ಲ, ಹೊತ್ತನ್ನು. ಬೇರೊಂದು ತಂಡ ಚಿತ್ರಗಳನ್ನು ಕಲೆಸಿ ತೋರಿಸಿದಾಗ ಫಲಿತಾಂಶ ಶೇ. 2.5ರ ಆಸುಪಾಸಿಗೆ, ಅಂದರೆ ಬರೀ ಅದೃಷ್ಟದ ಮಟ್ಟಕ್ಕೆ ಕುಸಿಯಿತು.

ಎಫ್‌ಎಂಆರ್‌ಐ ಚಿತ್ರಗಳ ರೋಗ ಬೇರೆ. ಡಿಫ್ಯೂಷನ್ ಮಾಡೆಲ್‌ಗೆ ಬರೀ ಗದ್ದಲ (ಅರ್ಥವಿಲ್ಲದ ಯಾದೃಚ್ಛಿಕ ಸಂಕೇತ) ಕೊಟ್ಟರೂ ಅಂದವಾದ ಚಿತ್ರವೇ ಬರುತ್ತದೆ. ಜಪಾನಿನ ಮಿದುಳು ವಿಜ್ಞಾನಿ ಕಮಿಟಾನಿ ತಂಡ 2024ರಲ್ಲಿ ತೋರಿಸಿದಂತೆ, ಹೆಸರಾಂತ ಡೇಟಾಸೆಟ್‌ನ ಪರೀಕ್ಷಾ ಚಿತ್ರಗಳು ತರಬೇತಿ ಚಿತ್ರಗಳ ಗುಂಪುಗಳಲ್ಲೇ ಬೀಳುತ್ತವೆ. ಆ ಗುಂಪನ್ನು ತರಬೇತಿಯಿಂದ ತೆಗೆದರೆ ಮಾದರಿ ತಡವರಿಸುತ್ತದೆ. ಪತ್ರಿಕೆಗಳು ಎತ್ತಿ ಹೇಳುವ ಶೇ. 90 ಎಷ್ಟೋ ಸಲ ಎರಡರಲ್ಲೊಂದನ್ನು ಆರಿಸುವ ಪರೀಕ್ಷೆಯದು. ಅಲ್ಲಿ ನಾಣ್ಯ ಚಿಮ್ಮಿದರೂ 50 ಬರುತ್ತದೆ. ಒಂದು ಇಇಜಿ ಡೇಟಾಸೆಟ್‌ನಲ್ಲಂತೂ ಪರೀಕ್ಷೆಯ ಪ್ರತಿ ಚಿತ್ರವನ್ನು 80 ಸಲ ತೋರಿಸಲಾಗಿದೆ. ಅವುಗಳ ಸರಾಸರಿ ಹಿಡಿದರೆ ಗದ್ದಲ ಸುಮಾರು 9 ಪಟ್ಟು ತಗ್ಗುತ್ತದೆ. ಕಣ್ಣು ನೋಡುವುದು ಒಂದೇ ಸಲ.

ಆದ್ದರಿಂದ ಚಿತ್ರ ಮೆಚ್ಚುವ ಮೊದಲು ಕೇಳಬೇಕಾದ್ದು: ಯಾವ ಮಿದುಳಿನ ಡೇಟಾ ಯಾವ ಚಿತ್ರದ್ದು ಎಂಬ ಜೋಡಿಗಳನ್ನು ಅದಲುಬದಲು ಮಾಡಿ ಅದೇ ಮಾದರಿಗೆ ಮತ್ತೆ ತರಬೇತಿ ಕೊಟ್ಟರೆ ಏನು ಮೂಡಿತು? ಆ ಚಿತ್ರಗಳನ್ನೂ ಪಕ್ಕದಲ್ಲೇ ಅಚ್ಚು ಹಾಕಲಿ.