ಈಜಿಕೊಂಡು ಹೋಯ್ತು ಅಂದಮಾತ್ರಕ್ಕೆ ಬದುಕಿತು ಅಂತಲ್ಲ

ದಡದಲ್ಲಿ ನಿಂತು ಶಾರ್ಕ್ ಹಿಡಿಯುವ ವಿಡಿಯೋಗಳನ್ನು ನೋಡಿದವರಿಗೆ ಕೊನೆಯ ದೃಶ್ಯ ಬಾಯಿಪಾಠ ಆಗಿರುತ್ತದೆ. ಮೊಣಕಾಲುದ್ದ ನೀರಿನಲ್ಲಿ ಮೂರ್ನಾಲ್ಕು ಜನ, ಮಧ್ಯೆ ಮೀನು. ಬಾಲ ಒಮ್ಮೆ ಬೀಸುತ್ತದೆ, ಎಲ್ಲರೂ ಹೋ ಅನ್ನುತ್ತಾರೆ, ಬೆನ್ನಿನ ರೆಕ್ಕೆ ಅಲೆಯೊಳಗೆ ಮಾಯ. ಅಲ್ಲಿಗೆ ವಿಡಿಯೋ ಮುಗಿಯಿತು. "ಆರಾಮಾಗಿ ಈಜಿಕೊಂಡು ಹೋಯ್ತು" ಅಂತ ಮೇಲೊಂದು ಸಾಲು.

ಆಮೇಲೆ ಏನಾಯಿತು ಅಂತ ಯಾರೂ ನೋಡಿಲ್ಲ. ನನ್ನ ತಕರಾರು ಇರುವುದು ಅಲ್ಲೇ.

ನಾನು ಈ ಹವ್ಯಾಸದ ವಿರೋಧಿ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ದಡದಿಂದ ಗಾಳ ಹಾಕುವವರ ಪೈಕಿ ನಾನೂ ಒಬ್ಬ. ಕತ್ತಲಲ್ಲಿ ಗಾಳದ ದಾರ ಸುತ್ತಿರುವ ರೀಲ್ ಇದ್ದಕ್ಕಿದ್ದಂತೆ ಕಿರ್ರೆಂದು ಕೂಗಿ ಲೈನ್ ಓಡತೊಡಗಿದಾಗ ಎದೆ ಹೊಡೆದುಕೊಳ್ಳುವುದು ನನಗೂ ಗೊತ್ತು. ಆದರೆ "ಹಿಡಿದು ಬಿಟ್ಟೆವಲ್ಲ, ಇನ್ನೇನು ಪಾಪ" ಅನ್ನುವ ಸಮಾಧಾನ ಇದೆಯಲ್ಲ, ಅದನ್ನು ನಾವು ಸ್ವಲ್ಪ ಸುಲಭವಾಗಿಯೇ ಒಪ್ಪಿಕೊಂಡಿದ್ದೇವೆ ಅನ್ನಿಸುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ದಡದಿಂದ ಸ್ವಲ್ಪ ದೂರದಲ್ಲಿ ನೀರಿನಡಿ ಮರಳ ದಿಬ್ಬಗಳಿರುತ್ತವೆ. ದಿಬ್ಬಕ್ಕೂ ದಡಕ್ಕೂ ನಡುವೆ ಕಾಲುವೆಯ ಹಾಗೆ ಒಂದು ತಗ್ಗು. ಸಂಜೆಯಾದ ಮೇಲೆ ಸಣ್ಣ ಮೀನುಗಳ ಬೆನ್ನು ಹತ್ತಿ ಶಾರ್ಕ್‌ಗಳು ಆ ತಗ್ಗಿಗೆ ಬರುತ್ತವೆ. ಕೆಲವು ಸಲ ದಡಕ್ಕೆ ಎಷ್ಟು ಹತ್ತಿರ ಅಂದರೆ, ಹಗಲು ಮಕ್ಕಳು ಆಡಿದ ಜಾಗಕ್ಕೇ. ದೊಡ್ಡ ಶಾರ್ಕ್ ಬೇಕು ಅನ್ನುವವರು ಗಾಳವನ್ನು ಬೀಸಿ ಎಸೆಯುವುದಿಲ್ಲ. ಎರೆ ಅಂದರೆ ಅರ್ಧ ಮೀನೋ, ತೊರಕೆಯ ದೊಡ್ಡ ತುಂಡೋ ಆಗಿರುತ್ತದೆ, ಅದನ್ನು ಎಸೆಯಲು ಆಗುವುದೂ ಇಲ್ಲ. ಕಯಾಕ್‌ನಲ್ಲಿ ಹುಟ್ಟು ಹಾಕಿಕೊಂಡು ದಿಬ್ಬದಾಚೆ, ನೂರಾರು ಮೀಟರ್ ದೂರ ಹೋಗಿ ಬಿಟ್ಟು ಬರುತ್ತಾರೆ. ಈಗೀಗ ಡ್ರೋನ್‌ನಲ್ಲೂ ಕಳಿಸುತ್ತಾರೆ. ಆಮೇಲೆ ಕಾಯುವುದು. ಕಚ್ಚಿದ ಮೇಲೆ ಅಷ್ಟೂ ದೂರವನ್ನು ಆ ಮೀನು ನಿಮ್ಮ ಜೊತೆ ಜಗ್ಗಾಡಿಕೊಂಡು ಬರಬೇಕು.

ಈ ಜಗ್ಗಾಟವೇ ನಿಜವಾದ ಪೆಟ್ಟು. ಸುತ್ತಿಗೆಯಂಥ ತಲೆಯ ಹ್ಯಾಮರ್‌ಹೆಡ್, ಬ್ಲ್ಯಾಕ್‌ಟಿಪ್ ತರಹದ ಶಾರ್ಕ್‌ಗಳು ಉಸಿರಾಡಬೇಕಾದರೆ ಈಜುತ್ತಲೇ ಇರಬೇಕು. ಬಾಯಿಂದ ಒಳಹೋದ ನೀರು ಕಿವಿರುಗಳ ಮೂಲಕ ಹರಿಯಬೇಕು. ಗಾಳ ಹಿಡಿದು ತಲೆ ಎಳೆಯುತ್ತಿದ್ದರೆ ಆ ಹರಿವು ತಪ್ಪುತ್ತದೆ. ಅದೇ ಹೊತ್ತಿಗೆ ಮೈಯ ಶಕ್ತಿಯೆಲ್ಲ ಖರ್ಚಾಗುತ್ತಿರುತ್ತದೆ. ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಏರುತ್ತದೆ, ರಕ್ತ ಹುಳಿಯಾಗುತ್ತದೆ. ತೀರಾ ದಣಿದ ಕೆಲವು ಶಾರ್ಕ್‌ಗಳ ಬಿಳಿ ಹೊಟ್ಟೆಯ ಮೇಲೆ ಕೆಂಪು ಕೆಂಪು ಛಾಯೆ ಎದ್ದಿರುವುದನ್ನು ನೀವೂ ನೋಡಿರಬಹುದು. ನೋಡಿಲ್ಲದಿದ್ದರೆ ಮುಂದಿನ ಸಲ ಟಾರ್ಚ್ ಹಾಕಿ ನೋಡಿ. ಅಂಥ ಮೀನು ಬಾಲ ಬೀಸಿ ಹೋಗಬಹುದು. ಆ ಆಮ್ಲ ಇಳಿಯಲು ಗಂಟೆಗಟ್ಟಲೆ ಬೇಕು. ಹೀಗೆ ಬಿಟ್ಟ ಮೇಲೆ ಸಾಯುವ ಶಾರ್ಕ್‌ಗಳಲ್ಲಿ ಹೆಚ್ಚಿನವು ಮೊದಲ ಕೆಲವು ಗಂಟೆಗಳಲ್ಲೇ, ನಮ್ಮ ಕಣ್ಣಿಗೆ ಕಾಣದ ಕಡೆ ತಳ ಸೇರುತ್ತವೆ.

ಎಲ್ಲ ಶಾರ್ಕೂ ಒಂದೇ ಅಲ್ಲ ಅನ್ನುವುದನ್ನು ಹೇಳದಿದ್ದರೆ ಅನ್ಯಾಯ. ನರ್ಸ್ ಶಾರ್ಕ್ ಗಟ್ಟಿ ಪಿಂಡ. ತಳದಲ್ಲಿ ಸುಮ್ಮನೆ ಮಲಗಿಕೊಂಡೇ ಕಿವಿರಿಗೆ ನೀರು ಪಂಪ್ ಮಾಡಿಕೊಳ್ಳುತ್ತದೆ. ಲೆಮನ್ ಶಾರ್ಕ್ ಕೂಡ ಹಾಗೆ ಮಾಡಬಲ್ಲದು. ಟೈಗರ್ ಶಾರ್ಕ್‌ಗೂ ತಾಳಿಕೆ ಜಾಸ್ತಿ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಫ್ಲೋರಿಡಾ ಕಡೆಯ ನೀರಿನಲ್ಲಿ ಗಾಳಕ್ಕೆ ಸಿಕ್ಕ ಶಾರ್ಕ್‌ಗಳಿಗೆ ಉಪಗ್ರಹ ಟ್ಯಾಗ್ ಹಾಕಿ ಬಿಟ್ಟಿದ್ದರು. ಟೈಗರ್‌ಗಳು ಬದುಕಿಕೊಂಡವು. ಗ್ರೇಟ್ ಹ್ಯಾಮರ್‌ಹೆಡ್‌ಗಳಲ್ಲಿ ನಾಲ್ಕು ವಾರ ದಾಟಿದ್ದು ಹೆಚ್ಚುಕಡಿಮೆ ಅರ್ಧ ಮಾತ್ರ. ಅರ್ಧ! ಹಿಡಿದವರು ಅಭ್ಯಾಸ ಇದ್ದ ವಿಜ್ಞಾನಿಗಳು, ಮೀನನ್ನು ಹೇಗೆ ಹಿಡಿಯಬೇಕು ಅಂತ ಗೊತ್ತಿದ್ದವರು. ಮೊಬೈಲ್ ಎತ್ತಿಕೊಂಡು ಓಡಿಬರುವ ಗುಂಪಿನ ಕೈಗೆ ಸಿಕ್ಕಿದ್ದರೆ ಲೆಕ್ಕ ಏನಾಗುತ್ತಿತ್ತೋ.

ಈಗ ಗೇರ್ ವಿಷಯ. ಸಣ್ಣ ರಾಡ್, ತೆಳ್ಳಗಿನ ಲೈನ್‌ನಲ್ಲಿ ದೊಡ್ಡ ಶಾರ್ಕ್ ಹಿಡಿದೆ ಅಂತ ಹೆಮ್ಮೆ ಪಡುವವರಿದ್ದಾರೆ. "ಮೀನಿಗೂ ಒಂದು ಅವಕಾಶ ಕೊಡಬೇಕಲ್ವಾ" ಅನ್ನುತ್ತಾರೆ. ಕೇಳಲು ದೊಡ್ಡ ಮನಸ್ಸಿನ ಮಾತು. ಆದರೆ ಆ ಅವಕಾಶ ಅಂದರೆ ಏನು? ಎರಡು ಗಂಟೆ ಜಗ್ಗಾಟ. ದಪ್ಪ ಲೈನ್, ದೊಡ್ಡ ರೀಲ್, ಸೊಂಟಕ್ಕೆ ಹಾರ್ನೆಸ್ ಕಟ್ಟಿಕೊಂಡು ಬೇಗ ಎಳೆದು ಮುಗಿಸುವವನು ನೋಡಲು ಒರಟ ಅನ್ನಿಸಬಹುದು. ಮೀನಿನ ಕಡೆಯಿಂದ ನೋಡಿದರೆ ಅವನೇ ವಾಸಿ. ಈ ಆಟದಲ್ಲಿ ತೆಳ್ಳಗಿನ ಲೈನ್ ಅಂದರೆ ಸುಮ್ನೆ ಕ್ರೌರ್ಯ, ಅದಕ್ಕೆ ಬೇರೆ ಹೆಸರು ನನಗೆ ಹೊಳೆಯುತ್ತಿಲ್ಲ.

ಕೊಕ್ಕೆಯ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಇಷ್ಟು ಸಣ್ಣ ಕಬ್ಬಿಣದ ತುಂಡು ಇಷ್ಟು ವ್ಯತ್ಯಾಸ ಮಾಡುವುದು ನನಗೆ ಇವತ್ತಿಗೂ ಅಚ್ಚರಿ. ಸರ್ಕಲ್ ಹುಕ್‌ನ ಮೊನೆ ನೆಟ್ಟಗೆ ಮೇಲಕ್ಕಿರುವುದಿಲ್ಲ, ಒಳಕ್ಕೆ, ಕಡ್ಡಿಯ ಕಡೆಗೇ ಬಾಗಿರುತ್ತದೆ. ಹೊಸಬರು ನೋಡಿದರೆ ಇದರಲ್ಲಿ ಮೀನು ಹೇಗೆ ಸಿಕ್ಕೀತು ಅಂತ ಕೇಳುತ್ತಾರೆ. ಶಾರ್ಕ್ ಎರೆ ನುಂಗಿ ತಿರುಗಿ ಹೊರಡುತ್ತದೆ. ಲೈನ್ ಬಿಗಿಯುತ್ತಿದ್ದಂತೆ ಕೊಕ್ಕೆ ಗಂಟಲಲ್ಲಿ ಎಲ್ಲೂ ಚುಚ್ಚದೆ ಜಾರಿಕೊಂಡು ಬರುತ್ತದೆ. ಬಾಯಿಯ ಮೂಲೆಗೆ ಬಂದಾಗ ಹೊರಳಿ ದವಡೆಗೆ ಕಚ್ಚಿಕೊಳ್ಳುತ್ತದೆ. ನೀವು ಮಾಡಬೇಕಾದ್ದು ಏನೂ ಇಲ್ಲ. ರಾಡ್ ಜೋರಾಗಿ ಎಳೆದರೇ ಕೆಟ್ಟಿತು. ಹಳೇ ಜೆ ಆಕಾರದ ಕೊಕ್ಕೆಯಾದರೆ ಹೊಟ್ಟೆಯೊಳಗೇ ಚುಚ್ಚಿಕೊಳ್ಳುವ ಸಾಧ್ಯತೆ ಜಾಸ್ತಿ. ಮತ್ತೆ ಕೊಕ್ಕೆ ಸ್ಟೇನ್‌ಲೆಸ್ ಆಗಿರಬಾರದು. ಬಾಯಲ್ಲೇ ಉಳಿದರೂ ತುಕ್ಕು ಹಿಡಿದು ಉದುರಿಹೋಗಲಿ ಅಂತ.

ಎಲ್ಲಕ್ಕಿಂತ ನನಗೆ ಸಿಟ್ಟು ಬರಿಸುವುದು ಒಣ ಮರಳಿನ ಫೋಟೋ. ಶಾರ್ಕ್‌ಗೆ ಮೂಳೆ ಇಲ್ಲ, ಮೃದ್ವಸ್ಥಿ ಅಷ್ಟೇ. ನಮ್ಮ ಹಾಗೆ ಒಳಗಿನ ಅಂಗಗಳನ್ನು ಕಾಯುವ ಎದೆಗೂಡಿಲ್ಲ. ನೀರಿನಲ್ಲಿ ಅದರ ಭಾರ ನೀರೇ ಹೊರುತ್ತದೆ. ಮರಳ ಮೇಲೆ ಎಳೆದು ಹಾಕಿದರೆ ಅಷ್ಟೂ ಭಾರ ಅದರದೇ ಹೊಟ್ಟೆಯ ಮೇಲೆ. ನೂರೈವತ್ತು ಕೇಜಿಯ ಮೀನು ಅಂದುಕೊಳ್ಳಿ. ಅದರ ಮೇಲೆ ಒಬ್ಬ ಮಹಾಶಯ ಕುದುರೆ ಏರಿದ ಹಾಗೆ ಕೂತು, ಮೂತಿ ಎತ್ತಿ ಹಲ್ಲು ತೋರಿಸುತ್ತಾನೆ. ಇನ್ನೊಬ್ಬ "ಇರು, ಫ್ಲ್ಯಾಶ್ ಬರಲಿಲ್ಲ" ಅನ್ನುತ್ತಾನೆ. ಅಷ್ಟು ಹೊತ್ತೂ ಕಿವಿರಿನ ಎಳೆಗಳು ನೀರಿಲ್ಲದೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎರಡು ಗಂಟೆ ಓಡಿ ದಣಿದವರ ಬಾಯಿ ಮೂಗು ಮುಚ್ಚಿ ಫೋಟೋ ತೆಗೆದಂತೆ ಲೆಕ್ಕ.

ಹೊಟ್ಟೆಯಲ್ಲಿ ಮರಿ ಇದ್ದರಂತೂ ಹೇಳುವುದೇ ಬೇಡ. 2006ರಲ್ಲಿ ಫ್ಲೋರಿಡಾದ ಬೋಕಾ ಗ್ರಾಂಡೆ ಹತ್ತಿರ ಒಬ್ಬರು 580 ಕೇಜಿ ತೂಗುವ ಗ್ರೇಟ್ ಹ್ಯಾಮರ್‌ಹೆಡ್ ಹಿಡಿದು ವಿಶ್ವದಾಖಲೆ ಮಾಡಿದರು. ದಡದಿಂದಲ್ಲ, ದೋಣಿಯಿಂದ. ಆಮೇಲೆ ಕೊಯ್ದು ನೋಡಿದರೆ ಒಳಗೆ 55 ಮರಿಗಳು. ಹೆಣ್ಣು ಹ್ಯಾಮರ್‌ಹೆಡ್ ಸುಮಾರು ಹನ್ನೊಂದು ತಿಂಗಳು ಹೊರುತ್ತದೆ, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಮಾತ್ರ ಮರಿ ಹಾಕುತ್ತದೆ. ದಾಖಲೆಗೆ ಬೇಕಾಗುವುದು ತೂಕ, ಅತಿ ಹೆಚ್ಚು ತೂಗುವುದು ಬಸುರಿ. ಈ ದಾಖಲೆಯ ಗೀಳು ಹೊಸದೇನಲ್ಲ. 1964ರಲ್ಲಿ ಸೌತ್ ಕೆರೊಲಿನಾದ ಚೆರ್ರಿ ಗ್ರೋವ್ ಪಿಯರ್ (ಸಮುದ್ರದೊಳಕ್ಕೆ ಚಾಚಿದ ಕಟ್ಟೆ) ಮೇಲೆ ನಿಂತು ವಾಲ್ಟರ್ ಮ್ಯಾಕ್ಸ್‌ವೆಲ್ ಅನ್ನುವವರು 807 ಕೇಜಿಯ ಟೈಗರ್ ಶಾರ್ಕ್ ಎಳೆದಿದ್ದರು. ಆ ಕಾಲದಲ್ಲಿ ಕೊಂದು ನೇತುಹಾಕುವುದೇ ಪದ್ಧತಿ, ಅವರನ್ನು ಈಗ ಬೈದು ಪ್ರಯೋಜನ ಇಲ್ಲ. ನಮಗೆ ಮಾತ್ರ ಗೊತ್ತಿರಲಿಲ್ಲ ಅನ್ನುವ ನೆಪ ಉಳಿದಿಲ್ಲ.

ಹಾಗಾದರೆ ನಿಷೇಧಿಸಿಬಿಡೋಣವೇ? ನನ್ನ ಮಟ್ಟಿಗೆ ಬೇಡ. ಫ್ಲೋರಿಡಾ 2019ರ ಜುಲೈನಿಂದ ಮಾಡಿರುವ ವ್ಯವಸ್ಥೆ ನನಗೆ ಒಪ್ಪಿಗೆ. ದಡದಿಂದ ಶಾರ್ಕ್ ಹಿಡಿಯಬೇಕಾದರೆ ಮೊದಲು ಆನ್‌ಲೈನ್ ಪಾಠ ಮುಗಿಸಬೇಕು, ಆಮೇಲೆ ಪರ್ಮಿಟ್. ಪರ್ಮಿಟ್‌ಗೆ ದುಡ್ಡಿಲ್ಲ. ಬೀಚ್‌ನಿಂದ ನೀರಿಗೆ ರಕ್ತ, ಮೀನಿನ ಚೂರು ಸುರಿದು ಶಾರ್ಕ್ ಕರೆಯುವಂತಿಲ್ಲ. ಮೀನಿನ ಎರೆ ಹಾಕಿದರೆ ಸರ್ಕಲ್ ಹುಕ್ಕೇ ಬೇಕು. ಲೈನನ್ನೋ ಕೊಕ್ಕೆಯನ್ನೋ ತಕ್ಷಣ ಕತ್ತರಿಸುವ ಸಾಧನ ಕೈಯಲ್ಲಿರಬೇಕು. ಇಟ್ಟುಕೊಳ್ಳಬಾರದ ಜಾತಿಯಾದರೆ ನೀರಿಂದ ಹೊರಗೆ ತರುವಂತಿಲ್ಲ, ಕಿವಿರು ನೀರಲ್ಲೇ ಮುಳುಗಿರಬೇಕು, ತಡ ಮಾಡದೆ ಬಿಡಬೇಕು. ಹ್ಯಾಮರ್‌ಹೆಡ್, ಟೈಗರ್, ಲೆಮನ್ ಎಲ್ಲ ಆ ಪಟ್ಟಿಯಲ್ಲಿವೆ. ರಾತ್ರಿ ಎರಡು ಗಂಟೆಗೆ ಬೀಚ್‌ನಲ್ಲಿ ಯಾರು ಬಂದು ನೋಡುತ್ತಾರೆ ಅಂತ ಕೇಳಬಹುದು. ಸರಿಯಾದ ಪ್ರಶ್ನೆಯೇ. ಆದರೆ ಪಾಠ ಕಡ್ಡಾಯ ಮಾಡಿದ್ದರಿಂದ ಪಕ್ಕದಲ್ಲಿ ನಿಂತವನಿಗೂ "ಏಯ್, ಮರಳಿಗೆ ಎಳೀಬೇಡ" ಅನ್ನುವ ಧೈರ್ಯ ಬರುತ್ತದೆ. ಅಷ್ಟಾದರೆ ಸಾಕು.

ನಿಷೇಧ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಅಮೆರಿಕದಲ್ಲಿ 1962ರಿಂದ ಸರ್ಕಾರಿ ಮೀನು ವಿಜ್ಞಾನಿಗಳು ನಡೆಸುತ್ತಿರುವ ಟ್ಯಾಗಿಂಗ್ ಯೋಜನೆ ನಿಂತಿರುವುದು ಬಹಳ ಮಟ್ಟಿಗೆ ಗಾಳ ಹಾಕುವವರ ಮೇಲೆ. ಹಿಡಿದವರು ಬೆನ್ನಿಗೆ ಟ್ಯಾಗ್ ಚುಚ್ಚಿ, ಉದ್ದ ಬರೆದು, ಬಿಡುತ್ತಾರೆ. ವರ್ಷಗಳ ಮೇಲೆ ಇನ್ನೆಲ್ಲೋ ಇನ್ಯಾರಿಗೋ ಸಿಗುತ್ತದೆ. ಅಟ್ಲಾಂಟಿಕ್‌ನ ಶಾರ್ಕ್‌ಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಅಂತ ಗೊತ್ತಾದದ್ದರಲ್ಲಿ ಇವರ ಪಾಲು ದೊಡ್ಡದು.

"ವ್ಯಾಪಾರಿ ಮೀನುಗಾರಿಕೆಯ ಮುಂದೆ ನಾವೆಷ್ಟರವರು?" ಅನ್ನುವ ವಾದವೂ ಬರುತ್ತದೆ. ಲೆಕ್ಕ ನಿಜ. 2024ರಲ್ಲಿ ಬಂದ ಒಂದು ಅಂದಾಜಿನ ಪ್ರಕಾರ 2019ರಲ್ಲಿ ಮೀನುಗಾರಿಕೆಯಿಂದ ಸತ್ತ ಶಾರ್ಕ್‌ಗಳು ಸುಮಾರು 8 ಕೋಟಿ. ಅದರ ಮುಂದೆ ದಡದ ಗಾಳ ಲೆಕ್ಕಕ್ಕೇ ಇಲ್ಲ. ಆದರೆ ನಮ್ಮ ಗಾಳಕ್ಕೆ ಬೀಳುವುದು ಯಾವುವು ನೋಡಿ. ಮರಿ ಹಾಕಲು ದಡದ ಹತ್ತಿರ ಬಂದ ದೊಡ್ಡ ಹೆಣ್ಣುಗಳು, ಆಳವಿಲ್ಲದ ನೀರಲ್ಲಿ ಬೆಳೆಯುತ್ತಿರುವ ಮರಿಗಳು. ಡಸ್ಕಿ ಶಾರ್ಕ್ ಮರಿ ಹಾಕುವ ಹೊತ್ತಿಗೆ ಅದಕ್ಕೆ ಇಪ್ಪತ್ತರ ಹತ್ತಿರ ವಯಸ್ಸಾಗಿರುತ್ತದೆ. ಅಂಥದ್ದೊಂದು ಹೋದರೆ ತುಂಬಿಕೊಡಲು ಇಪ್ಪತ್ತು ವರ್ಷ ಬೇಕು.

ಈಜುವವರ ಭಯದ ಬಗ್ಗೆ ಬೇಗ ಮುಗಿಸುತ್ತೇನೆ. ಬೀಚ್‌ನಲ್ಲಿ ಗಾಳ ಹಾಕುವುದರಿಂದಲೇ ಶಾರ್ಕ್ ಬರುತ್ತವೆ ಅನ್ನುವುದು ಸರಿಯಲ್ಲ, ಅವು ಅಲ್ಲಿ ಮೊದಲಿನಿಂದಲೂ ಇವೆ. ಆದರೆ 2014ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹ್ಯಾಟನ್ ಬೀಚ್‌ನಲ್ಲಿ ಪಿಯರ್ ಮೇಲಿನಿಂದ ಹಾಕಿದ ಗಾಳಕ್ಕೆ ಸಿಕ್ಕು ಒದ್ದಾಡುತ್ತಿದ್ದ ಬಿಳಿ ಶಾರ್ಕ್ ಪಕ್ಕದಲ್ಲಿ ಈಜುತ್ತಿದ್ದ ಒಬ್ಬರನ್ನು ಕಚ್ಚಿತು. ಹಗಲು, ಜನ ತುಂಬಿದ ಬೀಚ್. ಅಲ್ಲಿ ಆ ಹೊತ್ತಿನಲ್ಲಿ ಗಾಳ ಹಾಕುವುದು ಬುದ್ಧಿಗೇಡಿತನ, ಅದಕ್ಕೆ ಕಾನೂನೇ ಬೇಕಾಗಿಲ್ಲ.

ಗೆಳೆಯರ ಜೊತೆ ನನಗೆ ನಿಜವಾಗಿ ಜಗಳ ಆಗುವುದು ಹ್ಯಾಮರ್‌ಹೆಡ್ ವಿಷಯದಲ್ಲಿ. ಆ ಎತ್ತರದ ರೆಕ್ಕೆಯ ಗುರುತು ತಪ್ಪುವುದಿಲ್ಲ, ದೂರದಿಂದಲೇ ಗೊತ್ತಾಗುತ್ತದೆ. ಗೊತ್ತಾದ ಕ್ಷಣ ಡ್ರ್ಯಾಗ್, ಅಂದರೆ ರೀಲ್‌ನ ಬ್ರೇಕ್, ಪೂರ್ತಿ ಬಿಗಿ ಮಾಡಿ, ಬಲವಾಗಿ ಎಳೆದು, ಆದಷ್ಟು ಬೇಗ ಹತ್ತಿರ ತಂದು, ನೀರಿನಲ್ಲೇ ಕೊಕ್ಕೆಯ ಬುಡಕ್ಕೆ ಕತ್ತರಿಸಿ ಬಿಡಬೇಕು. ಬೇಗ ಬರುವ ಲಕ್ಷಣ ಇಲ್ಲವೋ, ಅಲ್ಲೇ ಲೈನ್ ಕತ್ತರಿಸಿ. ಉದ್ದನೆಯ ಲೈನ್ ಬಾಲಕ್ಕೆ ಸುತ್ತಿಕೊಳ್ಳುತ್ತದಲ್ಲ ಅನ್ನುತ್ತಾರೆ. ಹೌದು, ಅದೂ ಕೆಟ್ಟದ್ದೇ. ಆದರೆ ಇನ್ನೊಂದು ಗಂಟೆ ಜಗ್ಗಾಡುವುದಕ್ಕಿಂತ ಅದು ವಾಸಿ ಅಂತ ನನ್ನ ಅಭಿಪ್ರಾಯ. "ಜೀವಮಾನದಲ್ಲಿ ಒಂದು ಸಲ ಸಿಗೋ ಮೀನು ಮಾರಾಯ, ಒಂದು ಫೋಟೋ ಆದ್ರೂ ಬೇಡ್ವಾ?" ಅಂತ ಮೊನ್ನೆಯೂ ಒಬ್ಬರು ಕೇಳಿದರು. ಸೊಂಟದ ಮಟ್ಟದ ನೀರಲ್ಲಿ ಕಿವಿರು ಮುಳುಗಿಸಿಕೊಂಡೇ ತೆಗೆಯಲು ಆದರೆ ಒಂದು ತೆಗೆಯಿರಿ, ಇಲ್ಲದಿದ್ದರೆ ಬೇಡ ಅಂದೆ. ಅವರಿಗೆ ಒಪ್ಪಿಗೆ ಆಗಲಿಲ್ಲ. ಮಾತು ಇನ್ನೂ ಮುಗಿದಿಲ್ಲ.