ಮೊಹರು ಇದ್ದರೆ ಸಾಕು, ರಾಜ್ಯ ಯಾಕೆ?

ಬಹಮನಿ ರಾಜ್ಯ ಒಡೆದವರು ಯಾರು? ಯಾರೂ ಅಲ್ಲ. ಎಲ್ಲರೂ ಸುಲ್ತಾನರ ಶಿಸ್ತಿನ ಸಿಪಾಯಿಗಳೇ. 1490ರ ಆಸುಪಾಸಿನಲ್ಲಿ ಬಿಜಾಪುರದ ಯೂಸುಫ್ ಆದಿಲ್ ಖಾನ್, ಜುನ್ನರಿನ ಮಲಿಕ್ ಅಹ್ಮದ್, ಬೇರಾರಿನ ಇಮಾದುಲ್‌ಮುಲ್ಕ್ ತಂತಮ್ಮ ಪಾಲು ಹಿಡಿದು ಬೇರೆ ಒಲೆ ಹೂಡಿದರು. ಕಂದಾಯ ತಮ್ಮ ಬೊಕ್ಕಸಕ್ಕೆ, ದಂಡು ತಮ್ಮ ಕೈಗೆ, ನಿಷ್ಠೆ ಮಾತ್ರ ರಾಜಧಾನಿ ಬೀದರಿಗೆ. ಗೋಲ್ಕೊಂಡದ ಕುಲಿ ಕುತುಬ್‌ಉಲ್‌ಮುಲ್ಕ್ ಸಂಕೋಚದ ಮನುಷ್ಯ, ಇನ್ನೂ ಸ್ವಲ್ಪ ವರ್ಷ ತಡೆದ.

ಇದಕ್ಕೆಲ್ಲ ಮುಹೂರ್ತ ಇಟ್ಟದ್ದು ಒಂದು ಖಾಲಿ ಕಾಗದ. ಪ್ರಧಾನಿ ಮಹಮೂದ್ ಗವಾನ್ ಆಡಳಿತ ಸುಧಾರಣೆ ಎಂಬ ಘೋರ ಅಪರಾಧ ಮಾಡಿದ್ದ. ನಾಲ್ಕು ತರಫುಗಳನ್ನು, ಅಂದರೆ ಪ್ರಾಂತ್ಯಗಳನ್ನು, ಎಂಟು ಮಾಡಿ, ಒಬ್ಬ ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ ಎಂದ. ಜಿಲ್ಲಾ ಉಸ್ತುವಾರಿ ಕಿತ್ತುಕೊಂಡರೆ ಏನೇನಾಗುತ್ತದೆಂದು ನಮಗೆ ಹೇಳಿಕೊಡಬೇಕಾಗಿಲ್ಲ. ಆಗ ರೆಸಾರ್ಟ್ ಇರಲಿಲ್ಲ, ಅಷ್ಟೇ. ವಿರೋಧಿಗಳು ಅವನ ಮೊಹರು ಕಾಯುವವನಿಗೆ ಹೊಟ್ಟೆ ತುಂಬ ಕುಡಿಸಿ, ಬರಿ ಕಾಗದಕ್ಕೆ ಮೊಹರು ಒತ್ತಿಸಿಕೊಂಡರು. ಆಮೇಲೆ ನಿಧಾನವಾಗಿ ಕೂತು, ದಂಡೆತ್ತಿ ಬಾ ಎಂದು ಒಡಿಶಾದ ರಾಜನಿಗೆ ಗವಾನನ ಹೆಸರಲ್ಲಿ ಬರೆದರು. ಮೊಹರು ನನ್ನದೇ, ಕಾಗದ ನನ್ನದಲ್ಲ ಎಂದ ಮುದುಕ. ಸುಲ್ತಾನ ಮೂರನೆಯ ಮುಹಮ್ಮದ್ ಷಾಗೆ ಮೊದಲರ್ಧ ಮಾತ್ರ ಕೇಳಿಸಿತು. 1481ರ ಏಪ್ರಿಲ್‌ನಲ್ಲಿ ತಲೆ ಹೋಯಿತು. ವಿಚಾರಣೆ ಆಯಿತಲ್ಲ, ತಲೆ ಹೋದ ಮೇಲೆ. ಮರುವರ್ಷ ಸುಲ್ತಾನನೂ ಹೋದ.

ಪಿತೂರಿಯ ಮುಂದಾಳು ಮಲಿಕ್ ಹಸನ್‌ಗೆ ಅಧಿಕಾರ ಸಿಕ್ಕಿತು, ಕೆಲವೇ ವರ್ಷಗಳಲ್ಲಿ ಅವನನ್ನೂ ಮುಗಿಸಿದರು. ಜುನ್ನರಿನ ಮಲಿಕ್ ಅಹ್ಮದ್ ಇವನ ಮಗನೇ. ವಂಶಪಾರಂಪರ್ಯದ ಬಗ್ಗೆ ನಾನೇನೂ ಹೇಳುವುದಿಲ್ಲ.

ಗದ್ದುಗೆಗೆ ಬಂದದ್ದು ಹುಡುಗ ಮಹಮೂದ್ ಷಾ. 1518ರವರೆಗೆ 36 ವರ್ಷ ಆಳಿದ ಎಂದು ಪುಸ್ತಕದಲ್ಲಿದೆ. ಆಳಿದ್ದು ಮಂತ್ರಿ ಖಾಸಿಂ ಬರೀದ್, ಆಮೇಲೆ ಅವನ ಮಗ ಅಮೀರ್ ಬರೀದ್. ಸುಲ್ತಾನನನ್ನು ಮುಂದಿಟ್ಟುಕೊಂಡೇ ದಂಡಯಾತ್ರೆ, ಸುಲ್ತಾನನ ಹೆಸರಲ್ಲೇ ಫರ್ಮಾನು. ಗವಾನನ ಖಾಲಿ ಕಾಗದ ಈಗ ಇಡೀ ಸರ್ಕಾರವಾಗಿತ್ತು. ಸುಲ್ತಾನನಾದರೂ ಸುಮ್ಮನಿದ್ದನೇ? ಪಚ್ಚೆನೀಲಿ ಸಿಂಹಾಸನದ ಹರಳು ಕಿತ್ತು ಮದ್ಯದ ಪಾತ್ರೆಗಳಿಗೆ ಹಾಕಿಸಿದ ಎನ್ನುತ್ತಾನೆ ಇತಿಹಾಸಕಾರ ಫಿರಿಶ್ತಾ. ಕೂರುವ ಕೆಲಸವಿಲ್ಲದ ಸಿಂಹಾಸನ ಹೀಗಾದರೂ ಉಪಯೋಗಕ್ಕೆ ಬಂತು.

ನಮ್ಮ ಕೃಷ್ಣದೇವರಾಯ ಇದನ್ನೆಲ್ಲ ನೋಡಿ ಇನ್ನೂ ಸೊಗಸಾದ ಉಪಾಯ ಕಂಡುಕೊಂಡ. ಬಹಮನಿ ಗದ್ದುಗೆಗೆ ತಾನೇ ಊರುಗೋಲಾಗಿ ನಿಂತು 'ಯವನರಾಜ್ಯ ಸ್ಥಾಪನಾಚಾರ್ಯ', ಅಂದರೆ ಮುಸ್ಲಿಂ ರಾಜ್ಯವನ್ನು ನೆಲೆನಿಲ್ಲಿಸಿದವನು, ಎಂದು ಬಿರುದು ಹಾಕಿಕೊಂಡ. ಶತ್ರುವಿನ ಮನೆಗೆ ಯಜಮಾನನೊಬ್ಬ ಇರಲಿ, ದಾಯಾದಿಗಳ ಜಗಳ ನಿಲ್ಲದಿರಲಿ ಎಂಬ ಕಳಕಳಿ. ವಾಟ್ಸಾಪಿನಲ್ಲಿ ರಾಯನ ಬಿರುದುಗಳನ್ನು ಹಂಚುವವರು ಈ ಒಂದನ್ನು ಯಾಕೋ ಬಿಟ್ಟುಬಿಡುತ್ತಾರೆ.

ಕೊನೆಯ ಸುಲ್ತಾನ ಕಲೀಮುಲ್ಲಾ ಬೀದರಿನಿಂದ ತಪ್ಪಿಸಿಕೊಂಡು ಬಿಜಾಪುರಕ್ಕೆ ಓಡಿದ. ಅಲ್ಲಿ ಹಿಡಿದುಹಾಕುವ ಸೂಚನೆ ಕಂಡು ಅಹ್ಮದ್‌ನಗರಕ್ಕೆ ಓಡಿದ. ಅಲ್ಲಿನ ಬುರ್ಹಾನ್ ನಿಜಾಂ ಷಾ ಮೊದಮೊದಲು ಈ ಒಡೆಯನ ಮುಂದೆ ಕೈಕಟ್ಟಿ ನಿಂತನಂತೆ. ಹೀಗೆ ನಿಂತರೆ ನಾಳೆ ನೀವು ಕೂರುವುದೆಲ್ಲಿ ಎಂದು ಆಪ್ತರು ಕಿವಿಯೂದಿದ ಮೇಲೆ ಒಡೆಯನನ್ನು ದರ್ಬಾರಿಗೆ ಕರೆಯುವುದೇ ನಿಂತಿತು.

ಇತ್ತ ಬೀದರಿನಲ್ಲಿ ಸುಲ್ತಾನನೇ ಇಲ್ಲ. ಅಮೀರ್ ಬರೀದ್ ಆಗಲಾದರೂ ಷಾ ಎನಿಸಿಕೊಂಡನೇ? ಛೆ, ಎಲ್ಲಾದರೂ ಉಂಟೆ! ಸಾಯುವವರೆಗೂ ಮಂತ್ರಿಯಾಗಿಯೇ ಉಳಿದ. ಯಾರ ಮಂತ್ರಿ ಎಂದು ಯಾರೂ ಕೇಳಲಿಲ್ಲ. ಷಾ ಎಂದು ಕರೆದುಕೊಳ್ಳುವ ಧೈರ್ಯ ಬಂದದ್ದು 1542ರ ನಂತರ, ಅವನ ಮಗ ಅಲಿ ಬರೀದ್‌ಗೆ.