ಸಾವಿನ ಮನೆಯ ಪ್ಲಗ್ ಪಾಯಿಂಟು

ನಮ್ಮ ಸೋದರಮಾವ ತೀರಿಕೊಂಡಿದ್ದು ನಡು ಬೇಸಿಗೆಯಲ್ಲಿ. ಮಗ ದೂರದ ಊರಿಂದ ಬರಬೇಕಿತ್ತು. ಹಾಗಾಗಿ ರಾತ್ರಿಯೆಲ್ಲ ಇಟ್ಟುಕೊಳ್ಳಬೇಕಾಯಿತು. ಬಾಡಿಗೆಗೆ ಐಸ್ ಪೆಟ್ಟಿಗೆ ತರಿಸಿ ಹಜಾರದಲ್ಲಿ ಇಟ್ಟೆವು. ಗಾಜಿನ ಮುಚ್ಚಳದೊಳಗೆ ಮಾವ, ಸುತ್ತ ಹೆಂಗಸರು, ಹೊರಗೆ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಗಂಡಸರು. ಬೆಳಗಿನ ಜಾವ ಯಾರಿಗೋ ಅನುಮಾನ ಬಂತು. ಪೆಟ್ಟಿಗೆಯ ಗುಂಯ್ ಸದ್ದು ನಿಂತುಹೋಗಿದೆ. ಕರೆಂಟು ನೋಡಿದರೆ ಇದೆ, ಫ್ಯಾನು ತಿರುಗುತ್ತಿದೆ. ವೈರಿನ ಜಾಡು ಹಿಡಿದು ಗೋಡೆಯವರೆಗೆ ಹೋದರೆ ಪೆಟ್ಟಿಗೆಯ ಪ್ಲಗ್ಗು ನೆಲದ ಮೇಲೆ ಬಿದ್ದಿದೆ. ಅದರ ಜಾಗದಲ್ಲಿ ಒಂದು ಬಿಳಿ ಮೊಬೈಲ್ ಚಾರ್ಜರು ಕೂತಿದೆ. ಫೋನು ಮಾತ್ರ ಇಲ್ಲ. ಚಾರ್ಜು ತುಂಬಿದ ಮೇಲೆ ಪುಣ್ಯಾತ್ಮ ಫೋನು ಕಿತ್ತುಕೊಂಡು ಹೋಗಿದ್ದಾನೆ.

ಸಂಜೆಯಿಂದ ಅತ್ತೆ ಒಂದೇ ಸಮನೆ ಅಳುತ್ತಿದ್ದರು. ವಿಷಯ ಕಿವಿಗೆ ಬಿದ್ದದ್ದೇ ಅಳು ನಿಲ್ಲಿಸಿ, ಕಣ್ಣೊರೆಸಿಕೊಂಡು, "ಅಯ್ಯೋ, ಅವರಿಗೆ ಮೊದಲೇ ಸೆಕೆ ತಡೆಯೋಕಾಗಲ್ಲ" ಅಂದರು.

ಒಂದು ಕ್ಷಣ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಮೂಲೆಯಲ್ಲಿ ಕೂತಿದ್ದ ದೊಡ್ಡಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವರ ಭುಜ ಕುಣಿಯತೊಡಗಿತು. ನೋಡಿದವರು ಅಳು ಅಂದುಕೊಂಡಿರಬೇಕು. ಅಳು ಅಲ್ಲ ಅನ್ನೋದು ಪಕ್ಕದಲ್ಲಿದ್ದ ನನಗೆ ಗೊತ್ತು. ನಗು ಒಬ್ಬರಿಂದ ಒಬ್ಬರಿಗೆ ಹಬ್ಬಿ ಕೊನೆಗೆ ಅತ್ತೆಗೂ ತಾಗಿತು. ನಕ್ಕರು. ನಕ್ಕದ್ದಕ್ಕೆ ಮತ್ತೆ ಜೋರಾಗಿ ಅತ್ತರು. ಸಾವಿಲ್ಲದ ಮನೆಯ ಸಾಸಿವೆ ತಾ ಅಂದ ಬುದ್ಧ, ಯಾರೂ ನಗದ ಸಾವಿನ ಮನೆಯ ಸಾಸಿವೆ ತಾ ಅಂದಿದ್ದರೂ ಆ ತಾಯಿ ಬರಿಗೈಲೇ ವಾಪಸ್ ಬರುತ್ತಿದ್ದಳೋ ಏನೋ.

ಸಿನಿಮಾದವರು ಇದಕ್ಕೆ ಡಾರ್ಕ್ ಕಾಮಿಡಿ ಅನ್ನುತ್ತಾರೆ. ಅದೇನೋ ಹೊರಗಿಂದ ಬಂದ ಸರಕು, ಬುದ್ಧಿವಂತರು ನೋಡುವಂಥದ್ದು ಅಂತ ನಾನೂ ಬಹಳ ದಿನ ನಂಬಿದ್ದೆ. 2016ರಲ್ಲಿ ಕನ್ನಡದ 'ತಿಥಿ' ಸಿನಿಮಾ ನೋಡಿದೆ. ಅರೆ, ಇದು ನಮ್ಮ ಮನೆಯ ಪ್ಲಗ್ ಪಾಯಿಂಟಿನ ಕಥೆಯೇ ಅಲ್ವಾ ಅನ್ನಿಸಿತು.

ನೋಡಿದವರಿಗೆ ಕಥೆ ನೆನಪಿರುತ್ತದೆ. ಮಂಡ್ಯ ಜಿಲ್ಲೆಯ ಹಳ್ಳಿ. 101 ವರ್ಷದ ಸೆಂಚುರಿ ಗೌಡ ಬೀದಿ ಬದಿಯಲ್ಲಿ ಕೂತು ಹೋಗಿ ಬರುವವರಿಗೆಲ್ಲ ಬಾಯಿಗೆ ಬಂದಂತೆ ಬೈಯುತ್ತಾನೆ. ಬೈದು ಮುಗಿಸಿ, ಉಚ್ಚೆ ಹೊಯ್ಯಲು ಎದ್ದು ಹೋದವನು ಅಲ್ಲೇ ಕುಸಿದು ಸಾಯುತ್ತಾನೆ. ಚಿತ್ರ ಶುರುವಾಗಿ ಹೆಚ್ಚು ಹೊತ್ತೇನೂ ಆಗಿರುವುದಿಲ್ಲ. ಬೇರೆ ಚಿತ್ರಗಳಲ್ಲಿ ಸಾವು ಕೊನೆಗೆ ಬರುತ್ತದೆ, ಕಣ್ಣೀರು ತರಿಸುವುದಕ್ಕೆ. ಇಲ್ಲಿ ಬಾಗಿಲಲ್ಲೇ ಬರುತ್ತದೆ, ಎಲ್ಲರಿಗೂ ಕೆಲಸ ಹಚ್ಚುವುದಕ್ಕೆ.

ಈ ಜಾತಿಯ ಕಥೆಗಳಲ್ಲಿ ನನಗೆ ತುಂಬಾ ಇಷ್ಟವಾಗುವುದು ಹೆಣದ ಪಾತ್ರ. ಅದಕ್ಕೆ ಮಾತಿಲ್ಲ, ನಡೆಯಿಲ್ಲ, ಕೊನೆಕೊನೆಗೆ ಅದು ತೆರೆಯ ಮೇಲೂ ಇರುವುದಿಲ್ಲ. ಆದರೂ ಉಳಿದವರೆಲ್ಲ ಅದು ಕುಣಿಸಿದಂತೆ ಕುಣಿಯುತ್ತಾರೆ. ಹಾಲಿವುಡ್ ನಿರ್ದೇಶಕ ಹಿಚ್‌ಕಾಕ್ 1955ರಲ್ಲಿ 'ದಿ ಟ್ರಬಲ್ ವಿತ್ ಹ್ಯಾರಿ' ಅಂತ ಒಂದು ಚಿತ್ರ ಮಾಡಿದ. ಹ್ಯಾರಿ ಅನ್ನುವವನ ಹೆಣವನ್ನು ಊರ ನಾಲ್ಕು ಜನ ಹೂಳುತ್ತಾರೆ, ತೆಗೆಯುತ್ತಾರೆ, ಮತ್ತೆ ಹೂಳುತ್ತಾರೆ. ಕೊಂದದ್ದು ನಾನೇ ಇರಬೇಕು ಅಂತ ಒಬ್ಬರಾದ ಮೇಲೆ ಒಬ್ಬರು ತಿಳಿಯುತ್ತಾರೆ. ಯಾರಿಗೂ ಅಂಥ ದುಃಖವೇನಿಲ್ಲ. ಹಿಂದೆ ಎಲೆ ಕೆಂಪಾದ ಮರಗಳು, ಹೊಂಬಿಸಿಲು. ಹಿಂದಿಯ 'ಜಾನೇ ಭಿ ದೋ ಯಾರೋ' ಬಂದದ್ದು 1983ರಲ್ಲಿ. ಅದರಲ್ಲಿ ಕಮಿಷನರ್ ಡಿಮೆಲೊ ಸಾಹೇಬರ ಹೆಣ ಊರೆಲ್ಲ ಸುತ್ತಿ ಕೊನೆಗೆ ನಾಟಕದ ರಂಗದ ಮೇಲೆ ದ್ರೌಪದಿಯಾಗಿ ನಿಲ್ಲುತ್ತದೆ. ಸೀರೆ ಉಡಿಸಿಕೊಂಡ ಹೆಣಕ್ಕಾಗಿ ಅತ್ತ ಇತ್ತ ಎಳೆದಾಟ. ಹೊಟ್ಟೆ ಹಿಡಿದುಕೊಂಡು ನಕ್ಕು ಮುಗಿಸುವಷ್ಟರಲ್ಲಿ, ಏನೂ ತಪ್ಪು ಮಾಡದ, ಕಥೆಯ ನಾಯಕರಾದ ಇಬ್ಬರು ಫೋಟೊಗ್ರಾಫರ್ ಹುಡುಗರು ಕೈದಿಗಳ ಬಟ್ಟೆಯಲ್ಲಿ ನಮ್ಮೆದುರು ಬಂದು ನಿಂತಿರುತ್ತಾರೆ. ನಗು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

'ತಿಥಿ'ಯ ಹೆಣ ಹಾಗೆಲ್ಲ ಊರು ಸುತ್ತುವುದಿಲ್ಲ. ಸತ್ತ ಗೌಡನ ಸಂಸ್ಕಾರ ಮುಗಿದರೂ ಅವನು ಬಿಟ್ಟುಹೋದ ಎರಡು ವಸ್ತು ಉಳಿಯುತ್ತವೆ. ಒಂದು, ಅವನ ಹೆಸರಿನಲ್ಲಿರುವ 5 ಎಕರೆ ಜಮೀನು. ಇನ್ನೊಂದು, ಹನ್ನೊಂದು ದಿನ.

ಹನ್ನೊಂದು ದಿನ ಅಂದೆನಲ್ಲ, ಅಲ್ಲೇ ಇಡೀ ಕಥೆಯ ಕಟ್ಟು ಇದೆ. ಚಿತ್ರಕಥೆ ಬರೆಯುವವರು ಆರಂಭ, ಮಧ್ಯ, ಅಂತ್ಯ ಅಂತ ಪಾಠ ಕೇಳಿಕೊಂಡು ಬಂದು ಒದ್ದಾಡುತ್ತಾರೆ. ನಮ್ಮ ಹಳ್ಳಿಗಳಲ್ಲಿ ಆ ಪಾಠ ಕ್ಯಾಲೆಂಡರಿನಲ್ಲೇ ಇದೆ. ಸತ್ತ ದಿನ ಮಣ್ಣು. ಮೂರಕ್ಕೆ ಹಾಲು ತುಪ್ಪ. ಹನ್ನೊಂದಕ್ಕೆ ತಿಥಿ, ಬಾಡೂಟ. ಏನೇ ಆಗಲಿ, ಆ ದಿನ ಊರಿಗೆ ಊರೇ ಬಂದು ಎಲೆ ಮುಂದೆ ಕೂರುತ್ತದೆ. ಸಾಲ ಸಿಕ್ಕಲಿ ಬಿಡಲಿ, ಕುರಿ ಸಿಕ್ಕಲಿ ಬಿಡಲಿ, ಸೌಟು ಏಳಲೇಬೇಕು. ಥ್ರಿಲ್ಲರಿನಲ್ಲಿ ಬಾಂಬಿನ ಗಡಿಯಾರ ಟಿಕ್ ಟಿಕ್ ಅನ್ನುತ್ತದಲ್ಲ, ಇಲ್ಲಿ ಆ ಕೆಲಸ ಮುದ್ದೆ ಪಾತ್ರೆ ಮಾಡುತ್ತದೆ.

ಇನ್ನು ಜಮೀನು. ಗೌಡನ ಮೊಮ್ಮಗ ತಮ್ಮಣ್ಣನಿಗೆ ಅದನ್ನು ಮಾರಿ ದುಡ್ಡು ಮಾಡುವ ಆತುರ. ಇವನ ಹೆಸರಿಗೆ ಬರಬೇಕಾದರೆ ಮೊದಲು ಅಪ್ಪ ಗಡ್ಡಪ್ಪನನ್ನು ದಾಟಬೇಕು. ಹಳ್ಳಿಯಲ್ಲಿ ಒಂದು ಗುಂಟೆಯಾದರೂ ಇರುವವರಿಗೆ ಈ ಗಂಟನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಹಣಿಯಲ್ಲಿ ಹೆಸರಿದ್ದವರು ಸತ್ತರೆ ಪೌತಿ ಖಾತೆ ಆಗಬೇಕು, ಅಂದರೆ ಜಮೀನು ವಾರಸುದಾರರ ಹೆಸರಿಗೆ ಬದಲಾಗಬೇಕು. ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ. ವಂಶವೃಕ್ಷದಲ್ಲಿ ಮೊದಲು ಬರುವುದು ಮಗ, ಆಮೇಲೆ ಮೊಮ್ಮಗ. ಗಡ್ಡಪ್ಪನಿಗೋ ಜಮೀನೂ ಬೇಡ, ಕಚೇರಿಯೂ ಬೇಡ, ಸಹಿಯೂ ಬೇಡ. ಬೀಡಿ, ಟೈಗರ್ ಬ್ರಾಂದಿ, ಕಾಲು ಎಳೆದತ್ತ ನಡಿಗೆ, ಇಷ್ಟಿದ್ದರೆ ಸಾಕು. ತಮ್ಮಣ್ಣ ಗೋಗರೆದು ಸುಸ್ತಾಗಿ ಕೊನೆಗೆ ಒಂದು ಸುಲಭದ ದಾರಿ ಕಂಡುಕೊಳ್ಳುತ್ತಾನೆ. ಲಂಚ ಕೊಟ್ಟು ಅಪ್ಪನನ್ನು ಕಾಗದದ ಮೇಲೆ ಸಾಯಿಸುವುದು. ಬದುಕಿರುವ ಅಪ್ಪನ ಕೈಗೆ ಒಂದಿಷ್ಟು ದುಡ್ಡು ಕೊಟ್ಟು, ದೇಶ ಸುತ್ತಿಕೊಂಡು ಬಾ ಅಂತ ಬಸ್ಸು ಹತ್ತಿಸುವುದು.

ಹೀಗೆ ಹೇಳಿದರೆ ತಮ್ಮಣ್ಣ ಖಳನಾಯಕ ಅನ್ನಿಸಬಹುದು. ಚಿತ್ರ ನೋಡುವಾಗ ಹಾಗೆ ಅನ್ನಿಸುವುದೇ ಇಲ್ಲ. ತಿಥಿ ಮಾಡಬೇಕಾದವನು ಅವನೇ. ಬಡ್ಡಿಗೆ ಸಾಲ ಎತ್ತುವವನೂ ಅವನೇ. ಹೇಳಿದ್ದು ಕೇಳದ ಅಪ್ಪ ಒಂದು ಕಡೆ. ಇನ್ನೊಂದು ಕಡೆ ಮಗ ಅಭಿ. ಅವನಿಗೆ ಮುತ್ತಾತನ ತಿಥಿಗಿಂತ ಕುರಿ ಕಾಯುವವರ ಹುಡುಗಿ ಕಾವೇರಿ ಮುಖ್ಯ. ಇಡೀ ಮನೆಯಲ್ಲಿ ಜವಾಬ್ದಾರಿ ಅನ್ನೋದು ಇರುವುದು ಈ ಒಬ್ಬ ಫೋರ್ಜರಿ ಮನುಷ್ಯನಿಗೇ. ಈ ಬಗೆಯ ಕಥೆಗಳ ಕಿಲಾಡಿತನ ನೋಡಿ: ತಪ್ಪು ಕೆಲಸ ಮಾಡುವವನ ಪಕ್ಕಕ್ಕೆ ನಮ್ಮನ್ನು ಕೂರಿಸಿ, ಸಿಕ್ಕಿಬೀಳದಿರಲಪ್ಪ ಅಂತ ನಮ್ಮ ಬಾಯಲ್ಲೇ ಹೇಳಿಸುತ್ತವೆ.

ಗಡ್ಡಪ್ಪನ ಪಾತ್ರ ಇನ್ನೂ ವಿಚಿತ್ರ. ಸಾಧಾರಣ ಕಥೆಗಳಲ್ಲಿ ಅಡ್ಡಗಾಲು ಹಾಕುವವನು ವೈರಿ. ಅವನಿಗೂ ಏನೋ ಬೇಕು, ನಮಗೂ ಅದೇ ಬೇಕು, ಅದಕ್ಕೆ ಜಗಳ. ಇಲ್ಲಿ ಅಡ್ಡ ನಿಂತವನಿಗೆ ಏನೂ ಬೇಡ. ಬೇಕು ಅನ್ನುವವನನ್ನು ದುಡ್ಡು ಕೊಟ್ಟೋ ಹೆದರಿಸಿಯೋ ಒಪ್ಪಿಸಬಹುದು. ಬೇಡ ಅನ್ನುವವನಿಗೆ ಏನು ಮಾಡುತ್ತೀರಿ? ಪ್ರವಾಸಕ್ಕೆ ಹೊರಟವನು ಕುರಿಗಾಹಿಗಳ ಜತೆ ಸೇರಿ ಅಲ್ಲೇ ಉಳಿದುಬಿಡುತ್ತಾನೆ. ಮಗ ಕಾಗದದಲ್ಲಿ ಕೊಟ್ಟ ಸಾವು ಅವನಿಗೆ ಒಳ್ಳೇ ರಜೆಯ ಹಾಗೆ ಒಗ್ಗಿಹೋಗುತ್ತದೆ. ಆ ಬಯಲಿನ ಭಾಗದಲ್ಲಿ ಚಿತ್ರವೂ ಅವನ ಹಾಗೇ ಸ್ವಲ್ಪ ಜಾಸ್ತಿಯೇ ಅಡ್ಡಾಡುತ್ತದೆ ಅಂತ ಮೊದಲ ಸಲ ನೋಡುವಾಗ ಅನ್ನಿಸಿತ್ತು. ಎರಡನೇ ಸಲ ನೋಡುವಾಗ ಹಾಗನ್ನಿಸಲಿಲ್ಲ. ಬೆಂಕಿಯ ಸುತ್ತ ಕೂತು ಅವನು ತನ್ನ ಹಳೆಯ ನೋವು ಹೇಳಿಕೊಳ್ಳುವುದೂ ಅಲ್ಲೇ. ಅಷ್ಟು ಹೊತ್ತು ಅವನ ಅಲೆದಾಟಕ್ಕೆ ನಕ್ಕಿದ್ದೆವಲ್ಲ, ಆ ನಗುವಿನ ಸಾಲ ಅಲ್ಲಿ ತೀರುತ್ತದೆ.

ಸೆಂಚುರಿ ಗೌಡನ ಸಂಗತಿ ಬೇರೆ. ತೆರೆಯ ಮೇಲೆ ಅವನಿರುವುದು ಸ್ವಲ್ಪವೇ ಹೊತ್ತು. ಆದರೂ ಮಗ, ಮೊಮ್ಮಗ, ಮರಿಮಗ, ಮೂರು ತಲೆಮಾರಿಗೂ ಅವನದೇ ನೆರಳು. ನಮ್ಮ ಮನೆಗಳಲ್ಲೂ ಹೀಗೇ ಅಲ್ವಾ? ಬದುಕಿದ್ದಾಗ ಜಗಲಿ ಬಿಟ್ಟು ಏಳದವರು ಸತ್ತ ಮೇಲೆ ಎಲ್ಲರನ್ನೂ ತಾಲ್ಲೂಕು ಕಚೇರಿಗೆ ಓಡಾಡಿಸುತ್ತಾರೆ.

ಇದನ್ನೆಲ್ಲ ಮಾಡಿದವರು ನಟರಲ್ಲ. ನಿರ್ದೇಶಕ ರಾಮ್ ರೆಡ್ಡಿಯ ಜತೆ ಕಥೆ ಬರೆದ ಈರೇಗೌಡ ನೊದೆಕೊಪ್ಪಲಿನವರು. ಚಿತ್ರೀಕರಣ ನಡೆದದ್ದೂ ಅಲ್ಲೇ, ಆ ಕಡೆಯ ಜನರನ್ನೇ ಹಾಕಿಕೊಂಡು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಬಂತು, ಆಮೇಲೆ ರಾಷ್ಟ್ರಪ್ರಶಸ್ತಿಯೂ ಬಂತು. ಮಂಡ್ಯದ ಬೈಗುಳ ಸ್ವಿಟ್ಜರ್ಲೆಂಡಿನವರಿಗೆ ಹೇಗೆ ಅರ್ಥವಾಯಿತೋ! ಅರ್ಧ ಕಳೆದುಹೋಗಿರುತ್ತದೆ, ಅದರಲ್ಲಿ ಅನುಮಾನವಿಲ್ಲ.

ನಟರಲ್ಲದವರು ಅಂದದ್ದು ಯಾಕೆಂದರೆ, ಈ ತರಹದ ಕಥೆಯಲ್ಲಿ ಯಾವ ಪಾತ್ರಕ್ಕೂ ತಾನು ಹಾಸ್ಯದೊಳಗಿದ್ದೇನೆ ಅನ್ನೋದು ಗೊತ್ತಾಗಬಾರದು. ಗೊತ್ತಾದ ಕೂಡಲೇ ಎಲ್ಲ ಕೆಟ್ಟಿತು. ನಮ್ಮ ಎಷ್ಟೋ ಚಿತ್ರಗಳಲ್ಲಿ ಸಾವಿನ ಮನೆಯ ತಮಾಷೆ ಅಂದರೆ ಒಬ್ಬ ಹಾಸ್ಯನಟ ಬಂದು ಕಣ್ಣು ತಿರುಗಿಸಿ ಹೆಣದ ಮೇಲೆ ಬೀಳುವುದು. ಅವನು ನಗಿಸಲೆಂದೇ ಬಂದವನು. ಹಾಗಾಗಿ ನನಗೆ ನಗು ಬರುವುದಿಲ್ಲ. ತಮ್ಮಣ್ಣ ಯಾರನ್ನೂ ನಗಿಸಲು ಬಂದವನಲ್ಲ, ಅವನಿಗೆ ಪುರುಸೊತ್ತೆಲ್ಲಿದೆ? ನಮ್ಮ ಅತ್ತೆಯೂ ನಗಿಸಲು ಹೇಳಿದ್ದಲ್ಲ. ನಲವತ್ತು ವರ್ಷ ಜತೆಗಿದ್ದ ಮನುಷ್ಯನ ಸೆಕೆಯ ಚಿಂತೆ ಅವರಿಗೆ ಅಭ್ಯಾಸವಾಗಿತ್ತು. ಸಾವು ಬಂದು ಒಂದೇ ದಿನ ಆಗಿತ್ತು. ಅಭ್ಯಾಸಕ್ಕೆ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಆಮೇಲಿಂದ ಯಾವ ಸಾವಿನ ಮನೆಗೆ ಹೋದರೂ ಸುಮ್ನೆ ಕೂತು ಯಾರು ಯಾವ ಪಾರ್ಟು ಮಾಡುತ್ತಿದ್ದಾರೆ ಅಂತ ನೋಡುವ ಕೆಟ್ಟ ಚಟ ಹತ್ತಿದೆ. ಹೆಣದ ತಲೆ ಯಾವ ದಿಕ್ಕಿಗಿರಬೇಕು ಅಂತ ಶಾಸ್ತ್ರ ಹೇಳುವವರು ಇಬ್ಬರಿರುತ್ತಾರೆ, ಇಬ್ಬರದೂ ಬೇರೆ ಬೇರೆ ದಿಕ್ಕು. ಕಾಫಿ ಬಂತಾ ಅಂತ ವಿಚಾರಿಸುವವರು ಒಬ್ಬರು. ಬೀರುವಿನ ಬೀಗದ ಕೈ ಎಲ್ಲಿದೆ ಅಂತ ಕೇಳಬೇಕೆಂದು ಬಂದು, ಕೇಳಲಾಗದೆ, ದೀಪಕ್ಕೆ ಎಣ್ಣೆ ಹಾಕುವವರು ಒಬ್ಬರು. ಮಾವನ ಹನ್ನೊಂದರ ದಿನ ಅಡುಗೆಯವರ ಚೀಟಿ ನನ್ನ ಕೈಲಿತ್ತು. ಈರುಳ್ಳಿ, ಟೊಮೆಟೊ, ಎಣ್ಣೆ, ಎಲೆ ಎಲ್ಲ ಬರೆದು, ಕೊನೆಯಲ್ಲಿ ಅವರು 'ಐಸು' ಅಂತ ಬರೆದಿದ್ದರು. ಅದು ಮಜ್ಜಿಗೆಗೆ. ಚೀಟಿ ಓದುತ್ತಿದ್ದ ನಾನು ಆ ಸಾಲು ಬಂದಾಗ ಕೆಮ್ಮಿ ಹೊರಗೆ ಹೋದೆ.

ಆ ಚಾರ್ಜರು ಇವತ್ತಿಗೂ ಅತ್ತೆಯ ಮನೆಯಲ್ಲೇ ಇದೆ. ಪ್ರತಿ ವರ್ಷ ಮಾವನ ತಿಥಿಗೆ ಎಲ್ಲರೂ ಸೇರಿದಾಗ, ಊಟವಾಗಿ ಎಲೆ ಅಡಿಕೆಗೆ ಕೂತ ಹೊತ್ತಿಗೆ, ಅತ್ತೆ ಅದನ್ನು ಒಳಗಿಂದ ತಂದು ನಡುವೆ ಇಡುತ್ತಾರೆ. "ಯಾರದಪ್ಪ ಇದು, ಹೇಳಿಬಿಡ್ರೋ, ಅವರೇನು ಬೈಯಲ್ಲ" ಅನ್ನುತ್ತಾರೆ. ಎಲ್ಲರೂ ನಗುತ್ತಾರೆ. ಒಬ್ಬರ ಮೇಲೆ ಒಬ್ಬರು ಹಾಕುತ್ತಾರೆ. ಹೋದ ವರ್ಷ ದೊಡ್ಡಮ್ಮನ ಮೊಮ್ಮಗ ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿ, ವೈರು ಪಿನ್ನಿನ ಹತ್ತಿರ ಹರಿದಿದೆ, ಯಾರೋ ನೀಲಿ ಇನ್ಸುಲೇಷನ್ ಟೇಪು ಸುತ್ತಿದ್ದಾರೆ ಅಂದ.

ನಾನು ಬೇಗ ಒಂದು ಎಲೆ ಮಡಚಿ ಬಾಯಿಗೆ ಹಾಕಿಕೊಂಡೆ. ನಮ್ಮ ಮನೆಯಲ್ಲಿ ಆ ನೀಲಿ ಟೇಪಿನ ಸುರುಳಿ ಇನ್ನೂ ಅರ್ಧ ಉಳಿದಿದೆ.